ಅಭಿಮಾನಿಗಳ ಮಾಡ್ಯೂಲ್‌ಗಳಲ್ಲಿ ಕಾಳಗ: ನೆವರ್‌ವಿಂಟರ್ ನೈಟ್ಸ್ ಕಾಲದ ನೆನಪು

ಕೆನಡಾದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆಯು 2002ರ ಜೂನ್‌ನಲ್ಲಿ ನೆವರ್‌ವಿಂಟರ್ ನೈಟ್ಸ್ ಎಂಬ ರೋಲ್‌ಪ್ಲೇಯಿಂಗ್ ಆಟವನ್ನು ಹೊರತಂದಾಗ, ಊರು, ಕಾಡು, ಪಾತ್ರ, ಸಂಭಾಷಣೆಗಳನ್ನು ಆಟಗಾರರೇ ಕಟ್ಟಿಕೊಳ್ಳಲು ನೆರವಾಗುವ ಅರೋರಾ ಎಂಬ ಟೂಲ್‌ಸೆಟ್ಟನ್ನೂ ಅದರೊಡನೆ ಕೊಟ್ಟಿತು. ಹೀಗೆ ಕಟ್ಟಿದ ಸ್ವತಂತ್ರ ಕಥಾನಕವನ್ನು ಮಾಡ್ಯೂಲ್ ಎಂದು ಕರೆಯಲಾಯಿತು. ಮುಂದಿನ ವರ್ಷಗಳಲ್ಲಿ ಇಂಥ ಮಾಡ್ಯೂಲ್‌ಗಳು ರಾಶಿರಾಶಿಯಾಗಿ ಬಂದವು. ಅವುಗಳಲ್ಲಿ ಕೆಲವು ಮಾತಿನ ಸೊಗಸಿನಲ್ಲಿ ಮೂಲ ಆಟವನ್ನೇ ಹಿಂದಿಕ್ಕಿದವು. ಆದರೆ ಅವನ್ನು ಒಂದಾದ ಮೇಲೊಂದರಂತೆ ಆಡಿ ನೋಡಿದವರ ನೆನಪಿನಲ್ಲಿ ಕಥೆಯ ಬೆರಗಿನ ಜೊತೆಗೆ ಕಾಳಗದ ಬೇಸರವೂ ಉಳಿದಿದೆ.

ಈ ಬೇಸರದ ಬೇರು ಟೂಲ್‌ಸೆಟ್ಟಿನ ರಚನೆಯಲ್ಲೇ ಇತ್ತು. ಎನ್‌ಕೌಂಟರ್ ಎಂಬ ಗೆರೆಯನ್ನು ನೆಲದ ಮೇಲೆ ಎಳೆದು, ಶತ್ರುಗಳ ಪಟ್ಟಿಯನ್ನೂ ಕಷ್ಟದ ಮಟ್ಟವನ್ನೂ ಆರಿಸಿಬಿಟ್ಟರೆ, ಆಟಗಾರ ಅದನ್ನು ದಾಟಿದೊಡನೆ ಅವನ ಬಲಕ್ಕೆ ತಕ್ಕಷ್ಟು ಶತ್ರುಗಳು ತಾವಾಗಿಯೇ ಹುಟ್ಟುತ್ತಿದ್ದರು. ಆದರೆ ಅವರು ಹೇಗೆ ಹೋರಾಡಬೇಕೆಂಬುದನ್ನು ನಿರ್ಧರಿಸುತ್ತಿದ್ದುದು ಎನ್‌ಡಬ್ಲ್ಯೂಸ್ಕ್ರಿಪ್ಟ್ ಎಂಬ, ಸಿ ಭಾಷೆಯನ್ನು ಹೋಲುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಂಸ್ಥೆಯೇ ಬರೆದಿಟ್ಟ ಸಿದ್ಧ ಸ್ಕ್ರಿಪ್ಟ್‌ಗಳು. ಕಥೆಗಾರರಾಗಿ ಬಂದ ಬಹುಪಾಲು ರಚನಕಾರರು ಅವನ್ನು ತೆರೆದೂ ನೋಡಲಿಲ್ಲ. ಆ ಸ್ಕ್ರಿಪ್ಟ್‌ಗಳು ಶತ್ರುವಿನ ಸಾಮರ್ಥ್ಯಗಳನ್ನು ಗುಂಪುಗುಂಪಾಗಿ ಜಾಲಾಡಿ ಆ ಕ್ಷಣಕ್ಕೆ ಸಿಕ್ಕ ಒಂದನ್ನು ಬಳಸುತ್ತಿದ್ದುವೇ ಹೊರತು, ಮುಂದಿನ ಸುತ್ತಿಗೆ ಯೋಜನೆ ಹಾಕುತ್ತಿರಲಿಲ್ಲ. ಆದ್ದರಿಂದಲೇ ಕಥೆಯುದ್ದಕ್ಕೂ ಭಯಂಕರನೆಂದು ಬಣ್ಣಿಸಲ್ಪಟ್ಟ ಮಾಂತ್ರಿಕನು ಒಂದೆರಡು ಸಲ್ಲದ ಮಂತ್ರಗಳನ್ನು ವ್ಯಯಿಸಿ, ಕೈಕೋಲು ಹಿಡಿದು ನೇರವಾಗಿ ಖಡ್ಗಧಾರಿಯ ಎದುರಿಗೆ ನಡೆದು ಬರುವ ದೃಶ್ಯ ಮತ್ತೆ ಮತ್ತೆ ಕಾಣಸಿಗುತ್ತಿತ್ತು. ಏಟು ಬಿದ್ದವನು ನೆರವಿಗಾಗಿ ಕೂಗುವ ವ್ಯವಸ್ಥೆ ಇತ್ತಾದರೂ ಅದು ಸಮೀಪದವರಿಗಷ್ಟೇ ತಲುಪುತ್ತಿದ್ದುದರಿಂದ, ಪಕ್ಕದ ಕೋಣೆಯ ಕಾವಲುಗಾರರು ತಮ್ಮ ಸರದಿ ಬರುವವರೆಗೆ ಸುಮ್ಮನೆ ನಿಂತಿರುತ್ತಿದ್ದರು.

ಇದಕ್ಕೆ ಸಂಸ್ಥೆಯನ್ನು ಪೂರ್ತಿಯಾಗಿ ದೂರುವುದು ನ್ಯಾಯವಲ್ಲ. ಡಿಎಂ ಕ್ಲೈಂಟ್ ಎಂಬ ಸೌಲಭ್ಯದ ಮೂಲಕ ಮನುಷ್ಯನೊಬ್ಬನು ಸೂತ್ರಧಾರನಾಗಿ ಕುಳಿತು, ಬೇಕೆಂದಾಗ ಶತ್ರುವಿನ ದೇಹವನ್ನೇ ಹೊಕ್ಕು ಆಡಿಸುವಂತೆಯೂ ಆಟವನ್ನು ರೂಪಿಸಲಾಗಿತ್ತು. ಒಬ್ಬಂಟಿ ಆಟಗಾರರಿಗಾಗಿ ಬರೆದ ಮಾಡ್ಯೂಲ್‌ನಲ್ಲಿ ಆ ಸೂತ್ರಧಾರನ ಪೀಠ ಬರಿದಾಗಿತ್ತು, ಅದನ್ನು ತುಂಬುವ ಹೊಣೆ ರಚನಕಾರನದಾಗಿತ್ತು. ಕಾಳಗ ಸಪ್ಪೆಯೆಂಬ ದೂರು ಬಂದಾಗ ಅನೇಕರು ಮಾಡಿದ್ದು ಶತ್ರುಗಳ ಸಂಖ್ಯೆಯನ್ನೂ ಪ್ರಾಣಬಲವನ್ನೂ ಹೆಚ್ಚಿಸಿದ್ದು ಮಾತ್ರ. ಇದರಿಂದ ಕಾಳಗ ದೀರ್ಘವಾಯಿತೇ ವಿನಾ ಕಠಿಣವಾಗಲಿಲ್ಲ. ಶತ್ರುಗಳು ಹತ್ತಿರ ಇಲ್ಲದಿರುವಾಗ ಎಲ್ಲೆಂದರಲ್ಲಿ ವಿಶ್ರಮಿಸಿ, ಕಳೆದುಕೊಂಡ ಪ್ರಾಣಬಲವನ್ನೂ ಮಂತ್ರಗಳನ್ನೂ ಮರಳಿ ಪಡೆಯುವ ಅನುಕೂಲ ಇದ್ದಷ್ಟು ಕಾಲ, ಎಂಥ ಹೊಡೆತಕ್ಕೂ ಬೆಲೆಯಿರಲಿಲ್ಲ.

ಬದಲಾವಣೆ ಬಂದದ್ದು ಎರಡು ದಾರಿಗಳಿಂದ. ಪ್ರೋಗ್ರಾಮಿಂಗ್ ಬಲ್ಲ ಕೆಲವು ಅಭಿಮಾನಿಗಳು ಸಿದ್ಧ ಸ್ಕ್ರಿಪ್ಟ್‌ಗಳಿಗೆ ಬದಲಿಯನ್ನು ಬರೆದು, ಯಾರು ಬೇಕಾದರೂ ತಮ್ಮ ಮಾಡ್ಯೂಲ್‌ಗೆ ಸೇರಿಸಿಕೊಳ್ಳುವಂತೆ ಹಂಚಿದರು. ಅವುಗಳಲ್ಲಿ ಶತ್ರು ಮಂತ್ರಗಳನ್ನು ವಿವೇಚನೆಯಿಂದ ಆರಿಸುತ್ತಿದ್ದ. ಇದಕ್ಕಿಂತ ಮುಖ್ಯವಾದ ದಾರಿಯನ್ನು ಸ್ವೋರ್ಡ್‌ಫ್ಲೈಟ್‌ನಂಥ ಮಾಡ್ಯೂಲ್‌ಗಳ ಸರಣಿ ತೋರಿಸಿತು. ವಿಶ್ರಾಂತಿಗೆ ಕಟ್ಟುಪಾಡು ಹಾಕಿ, ಆಟಗಾರ ಪ್ರತಿ ಎದುರಾಳಿಗೂ ಮುಂಚಿತವಾಗಿ ಸಿದ್ಧನಾಗಿ ಔಷಧವನ್ನೂ ಮಂತ್ರದ ಸುರುಳಿಯನ್ನೂ ಎಣಿಸಿ ಬಳಸುವಂತೆ ಮಾಡಿದ ಇಂಥ ಕೃತಿಗಳಲ್ಲಿ ಅದೇ ಹಳೆಯ ಶತ್ರುಗಳೂ ಅಪಾಯಕಾರಿಗಳಾದರು.

ಆದರೂ ಎಲ್ಲರೂ ಆ ದಾರಿ ಹಿಡಿಯಲಿಲ್ಲ, ಅದಕ್ಕೆ ಸಕಾರಣವೂ ಇತ್ತು. ತನ್ನ ಮಾಡ್ಯೂಲ್‌ಗೆ ಆಟಗಾರನು ಯೋಧನಾಗಿ ಬರುವನೋ, ಕಳ್ಳನಾಗಿ ಬರುವನೋ, ಗಾಯಕನಾಗಿ ಬರುವನೋ ರಚನಕಾರನಿಗೆ ತಿಳಿಯದು. ಎಂಟನೆಯ ಹಂತದ ಯೋಧನಿಗೆ ಹದವಾದ ಕಾಳಗವು ಅದೇ ಹಂತದ ಗಾಯಕನ ಪಾಲಿಗೆ ಸಾವೇ ಸರಿ. ಹಾಗಾಗಿ ಕಥೆ ಕೊನೆಯವರೆಗೆ ತಲುಪಲೆಂಬ ಆಸೆಯಿಂದ ಹಲವರು ತೀರ ದುರ್ಬಲ ಪಾತ್ರವೂ ಗೆಲ್ಲಬಲ್ಲ ಮಟ್ಟಕ್ಕೆ ಕಾಳಗವನ್ನು ಇಳಿಸಿದರು.