ತಂಗಿಯ ಅರ್ಜಿ, ನನ್ನ ಹಠ

ಕೋಡ್ಲಾದ ಮನೆಯ ಹಳೆಯ ಕಂಪ್ಯೂಟರಿನಿಂದ ವಿಂಡೋಸ್ ತೆಗೆದು ಉಬುಂಟು ಹಾಕಿದವನು ನಾನೇ. ಆ ರಾತ್ರಿ ಅದು ನನ್ನ ಮಾನದ ಪ್ರಶ್ನೆಯಾಯಿತು. ತಂಗಿಯ ಡಿಗ್ರಿ ಅರ್ಜಿಗೆ ಮರುದಿನವೇ ಕೊನೆ. ಅಂಕಪಟ್ಟಿ, ಫೋಟೊ ಎಲ್ಲವೂ ಕಂಪ್ಯೂಟರಿನೊಳಗಿದ್ದವು. ಪಕ್ಕದ ಮನೆಯವರ ವೈಫೈ ಹಿಡಿಯಲೆಂದು ಸೇಡಂನಿಂದ ತಂದ ಬೆರಳುದ್ದದ ಯುಎಸ್‌ಬಿ ಅಡಾಪ್ಟರ್ ಚುಚ್ಚಿದರೆ ಪರದೆಯ ಮೇಲೆ ಸಿಡಿಯ ಚಿತ್ರ ಬಂತು, ನೆಟ್ ಬರಲಿಲ್ಲ.

'ಎಲ್‌ಎಸ್‌ಯುಎಸ್‌ಬಿ' ಎಂದು ಟೈಪ್ ಮಾಡಿದರೆ ಚುಚ್ಚಿದ ಪ್ರತಿ ಸಾಧನವೂ ತನ್ನ ಗುರುತಿನ ಸಂಖ್ಯೆ ಹೇಳುತ್ತದೆ. ನಮ್ಮದು ತಾನು ಡಿಸ್ಕ್ ಎಂದಿತು. ಇಂಥ ಕೆಲವು ಅಡಾಪ್ಟರುಗಳು ವಿಂಡೋಸ್‌ನ ಡ್ರೈವರ್ ಹೊತ್ತು ಮೊದಲು ಸಿಡಿಯ ವೇಷದಲ್ಲೇ ಬರುತ್ತವೆ. ಇಜೆಕ್ಟ್ ಮಾಡಿದೆ, ವೇಷ ಕಳಚಿತು. ಒಳಗಿದ್ದದ್ದು 8821ಸಿಯು ಚಿಪ್. ಅದರ ಡ್ರೈವರ್ ಲಿನಕ್ಸ್ ಕರ್ನಲ್ಲಿನೊಳಗೇ ಸೇರಿದ್ದು 2023ರಲ್ಲಿ ಬಂದ 6.2ರಿಂದ. ನಮ್ಮ ಕರ್ನಲ್ ಅದಕ್ಕಿಂತ ಹಳೆಯದು. ಹೊಸದನ್ನು ಇಳಿಸಲು ನೆಟ್ ಬೇಕು. ನೆಟ್ ಬರಲು ಹೊಸದೇ ಬೇಕು. ಹನ್ನೊಂದು ಹೊಡೆದರೂ ಅದರಲ್ಲೇ ಸುತ್ತುತ್ತಿದ್ದೆ.

ತೊಗರಿ ಬಿತ್ತಿ ದಣಿದು ಮಲಗಿದ್ದ ಅಪ್ಪ ಎದ್ದು ಬಂದು ತನ್ನ ಫೋನ್ ಮುಂದಿಟ್ಟ. "ಇದರಾಗ ನೆಟ್ ಅದಲ್ಲೊ. ಇದರಿಂದ ಬರಂಗಿಲ್ಲೇನು?"

ಚಾರ್ಜರಿನ ಕೇಬಲ್ಲಿನಿಂದ ಫೋನ್ ಜೋಡಿಸಿ ಯುಎಸ್‌ಬಿ ಟೆದರಿಂಗ್ ಒತ್ತಿದೆ. ಯಾವ ಡ್ರೈವರನ್ನೂ ಹುಡುಕಬೇಕಾಗಲಿಲ್ಲ. ಕೂಡಲೇ ಹೊಸ ಕರ್ನಲ್ ಇಳಿಸಲು ಹೊರಟ ನನ್ನ ಕೈಯನ್ನು ತಂಗಿ ಹಿಡಿದಳು. "ಅಣ್ಣಾ, ಮೊದಲು ನನ್ನ ಅರ್ಜಿ."

ಅರ್ಧ ಗಂಟೆಯಲ್ಲಿ ಅರ್ಜಿ ಹೋಯಿತು. ಕರ್ನಲ್ ಬೆಳಗ್ಗೆ ಹಾಕಿದೆ. ವೈಫೈ ತಾನಾಗಿಯೇ ಬಂತು. ಈಗ ಗೆಳೆಯರು ಇದೇ ತೊಂದರೆ ಹೇಳಿಕೊಂಡು ಬಂದರೆ ಚಿಪ್ ಯಾವುದೆಂದು ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು, ನೆಟ್ ಯಾತಕ್ಕೆ ಬೇಕಿತ್ತು ಎಂದು.