ಮಗ ಕರದಾನ, ಸಾಹೇಬ ಬಿಡವಲ್ಲ

ನಮ್ಮ ಬಳಗ ಹಂಚಿಹೋಗಿರುವುದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂಬ ಐದು ಊರುಗಳಲ್ಲಿ. ಯಾರ ಮನೆಗೆ ಯಾರು ಹೋಗುವುದಕ್ಕೂ ಪತ್ರ ಬೇಕಿಲ್ಲ. ಲಗ್ನವಿದ್ದರೆ ಮಾತ್ರ ಮೂಲೆಗೆ ಅರಿಶಿಣ ಹಚ್ಚಿದ ಪತ್ರಿಕೆ. ಅದನ್ನೂ ಕೈಗೆ ಕೊಟ್ಟು, "ಮನಿಮಂದೆಲ್ಲಾ ಬರಬೇಕ್ ನೋಡ್ರಿ" ಎಂದು ಬಾಯಿಬಿಟ್ಟು ಹೇಳದಿದ್ದರೆ ಕರೆದಂತಲ್ಲ. ಶಹಾಬಾದಿನ ನಮ್ಮ ಸೋದರಮಾವ, ಪತ್ರಿಕೆ ಪೋಸ್ಟಿನಲ್ಲಿ ಬಂತೆಂಬ ಒಂದೇ ಕಾರಣಕ್ಕೆ ಸ್ವಂತ ಸಡ್ಡಕನ ಮಗನ ಲಗ್ನಕ್ಕೆ ಹೋಗಲಿಲ್ಲ. ಉಳಿದ ದಿನಗಳಲ್ಲಿ ವಾಡಿ ಜಂಕ್ಷನ್ನಿನಲ್ಲಿ ಗಾಡಿ ತಪ್ಪಿತೆಂದರೆ ಸಾಕು, ಚೀಲ ಹಿಡಿದು ಹೋಗಿ ಬಾಗಿಲು ಬಡಿಯಬಹುದು. ಒಳಗಿನವರು ಯಾಕೆ ಬಂದಿರಿ ಎಂದು ಕೇಳುವುದಿಲ್ಲ. ಎಷ್ಟು ದಿನ ಇರುತ್ತೀರಿ ಎಂದಂತೂ ಕೇಳಲೇಬಾರದು. ಕೇಳಿದರೆ ಎರಡು ತಲೆಮಾರು ಮಾತು ಬಿಡುತ್ತಾರೆ.

ಇಂಥ ಜನಕ್ಕೆ ಈಗ ಅಮೆರಿಕದ ವೀಸಾ ಬೇಕಾಗಿದೆ. ಅಲ್ಲಿ ಕಿಟಕಿಯಾಚೆ ಕೂತವರು ಮೊದಲು ಕೇಳುವುದೇ ಈ ಎರಡು ಪ್ರಶ್ನೆ.

ಸಿಮೆಂಟ್ ಕಾಲನಿಯ ಕ್ವಾರ್ಟರ್ಸುಗಳಲ್ಲಿ, ಫರಸಿಕಲ್ಲಿನ ಪಡಸಾಲೆಗಳಲ್ಲಿ ಓದಿ ಬೆಳೆದ ಹುಡುಗರು ಈಗ ಡಲ್ಲಾಸ್, ನ್ಯೂಜೆರ್ಸಿಗಳಲ್ಲಿದ್ದಾರೆ. ಮೊಮ್ಮಗು ಹುಟ್ಟಿದ ಕೂಡಲೇ ಅವರಿಂದ ವಾಟ್ಸಾಪಿನಲ್ಲಿ ಒಂದು ಇನ್ವಿಟೇಷನ್ ಲೆಟರ್ ಬರುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಅದನ್ನು ಬಣ್ಣದ ಪ್ರಿಂಟ್ ತೆಗೆಸಿ, ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿ ನನ್ನ ಹತ್ತಿರ ತರುತ್ತಾರೆ. ನಾನು ಇಂಗ್ಲಿಷ್ ಹೇಳಿಕೊಟ್ಟ ಮಾಸ್ತರ. "ಇದು ನಡಿತದೇನ್ ನೋಡ್ರಿ ಮಾಸ್ತರ್, ಸ್ಟ್ಯಾಂಪ್ ಹಚ್ಚಿ ನೋಟರಿ ಮಾಡಸಬೇಕೇನು?"

ನಡೆಯುವುದಿಲ್ಲ. ಅಮೆರಿಕ ಇದನ್ನು ಮುಚ್ಚಿಟ್ಟಿಲ್ಲ: ಪ್ರವಾಸಿ ವೀಸಾಕ್ಕೆ ಆಮಂತ್ರಣ ಪತ್ರ ಬೇಕಾಗಿಲ್ಲ, ಕೊಡಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಅದನ್ನು ಲೆಕ್ಕಕ್ಕೂ ಹಿಡಿಯುವುದಿಲ್ಲ ಎಂದು ಅವರ ವಿದೇಶಾಂಗ ಇಲಾಖೆಯೇ ಬರೆದಿಟ್ಟಿದೆ. ಮಗನ ಹೆಸರು, ವಿಳಾಸ ಡಿಎಸ್-160 ಎಂಬ ಅರ್ಜಿಯಲ್ಲಿ ಮೊದಲೇ ಹೋಗಿರುತ್ತದೆ. 1952ರ ವಲಸೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ನೆಲೆ ನಿಲ್ಲಲು ಹೊರಟವರು ಎಂದೇ ಅಧಿಕಾರಿ ತಿಳಿಯಬೇಕು. ಅಲ್ಲವೆಂದು ತೋರಿಸುವ ಹೊಣೆ ನಮ್ಮದು. ಅಲ್ಲಿ ನಿಮ್ಮನ್ನು ಯಾರು ಕರೆದರು ಎಂಬುದು ಅವರಿಗೆ ಬೇಡ. ಇಲ್ಲಿಗೆ ನಿಮ್ಮನ್ನು ಯಾವುದು ವಾಪಸು ಎಳೆಯುತ್ತದೆ ಎಂಬುದು ಬೇಕು.

ಚಿತ್ತಾಪುರದ ನಮ್ಮ ಕಾಕಾ ಇದನ್ನು ನಂಬಲಿಲ್ಲ. ಮಗ ಬರೆದ ಪತ್ರದಲ್ಲಿ ಅವನ ಸಂಬಳ, ಮನೆ, ಕಾರು, ಖರ್ಚೆಲ್ಲ ತನ್ನದೆಂಬ ವಾಗ್ದಾನ ಎಲ್ಲವೂ ಇತ್ತು. ಕಿಟಕಿಯಲ್ಲಿ ಏನು ಕೇಳಿದರೂ ಕಾಕಾ ಫೋಲ್ಡರ್ ಮುಂದೆ ಚಾಚಿ "ಸನ್ ಲೆಟರ್, ಸಾರ್" ಅಂದನಂತೆ. ಆಚೆಯವರು ಅದನ್ನು ಮುಟ್ಟಲಿಲ್ಲ. ಒಂದು ಅಚ್ಚಾದ ಚೀಟಿ ಕೈಗೆ ಬಂತು. 2023ರ ಜೂನ್‌ನಿಂದ ಅರ್ಜಿ ಶುಲ್ಕ 185 ಡಾಲರ್, ವೀಸಾ ಆಗದಿದ್ದರೂ ಅದು ಮರಳಿ ಬಾರದು. "ಮಗ ಕರದಾನ, ಸಾಹೇಬ ಬಿಡವಲ್ಲ. ಇದು ಯಾ ಊರ ನ್ಯಾಯ?" ಎಂದು ಕಾಕಾ ಕಟ್ಟೆಯ ಮೇಲೆ ವರ್ಷಗಟ್ಟಲೆ ಕೇಳಿದ.

ಚಿಂಚೋಳಿಯ ಅತ್ತೆಯದು ಬೇರೆ ಕಥೆ. ಗಂಡನಿಲ್ಲ, ಇಂಗ್ಲಿಷಿಲ್ಲ, ಪತ್ರವನ್ನು ಮನೆಯಲ್ಲೇ ಮರೆತು ಹೋಗಿದ್ದಳು. ಯಾವಾಗ ವಾಪಸು ಬರುತ್ತೀರಿ ಎಂದು ಹಿಂದಿಯಲ್ಲಿ ಕೇಳಿದಾಗ ಸಂತೆಯಲ್ಲಿ ಆಡುವ ಮಾತಿನಲ್ಲೇ ಉತ್ತರ ಕೊಟ್ಟಳು: "ಎಳ್ಳಮಾಸಿಕೊ ಆನಾಚ್ ಹೈ ಸಾಬ್. ತುವರ್ ಕಾಟ್ನೇಕಾ ಹೈ." ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಬೇಕು, ಅದರ ಹಿಂದೆಯೇ ತೊಗರಿ ರಾಶಿ, ಆಳುಗಳನ್ನು ನಂಬಿದರೆ ಮುಗೀತು. ಎದುರಿಗಿದ್ದವರಿಗೆ ಎಳ್ಳಮಾಸಿ ಏನು ತಿಳಿಯಿತೋ, ಈ ಹೆಂಗಸು ತೊಗರಿ ಬಿಟ್ಟು ನ್ಯೂಜೆರ್ಸಿಯಲ್ಲಿ ಕೂಡುವವಳಲ್ಲ ಎಂಬುದಂತೂ ತಿಳಿದಿರಬೇಕು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಬಂತು. ಅತ್ತೆಗೆ ವೀಸಾ ಕೊಡಿಸಿದ್ದೂ ಅದೇ ಬೇಳೆ ಎಂದು ನನ್ನ ನಂಬಿಕೆ. ಹತ್ತು ವರ್ಷದ ಮುದ್ರೆ ನೋಡಿ ಅತ್ತೆ ಬೈದಳು: "ಹತ್ ವರ್ಷ ಅಲ್ಲಿ ಯಾರ್ ಇರ್ತಾರ?" ಮುದ್ರೆ ಹತ್ತು ವರ್ಷವಾದರೂ ಒಂದು ಸಲ ಹೋದರೆ ಸಾಮಾನ್ಯವಾಗಿ ಆರು ತಿಂಗಳೇ ಬಿಡುವುದು ಎಂದಾಗ, ಅದೂ ಜಾಸ್ತಿಯಾಯಿತು ಅಂದಳು.

ಎಲ್ಲ ದೇಶಗಳೂ ಹೀಗಲ್ಲ. ಕರೆಪತ್ರ ನೆರವಾಗಬಹುದು, ಆದರೆ ಖಾತ್ರಿಯಿಲ್ಲ ಎನ್ನುತ್ತದೆ ಕೆನಡಾ. ಜರ್ಮನಿಯಲ್ಲಿ ಮಗ ಅಲ್ಲಿನ ಕಚೇರಿಗೆ ಹೋಗಿ, ಆದಾಯ ತೋರಿಸಿ, ಅತಿಥಿಯ ಖರ್ಚಿಗೆ ನಾನೇ ಹೊಣೆ ಎಂದು ಅವರದೇ ನಮೂನೆಯಲ್ಲಿ ಸಹಿ ಮಾಡಿಕೊಡಬಹುದು. ಅದಕ್ಕೆ ಕಾನೂನಿನ ಬಲವುಂಟು. ಸೌದಿಯಲ್ಲಿ ದುಡಿಯುವವರು ತಮ್ಮವರನ್ನು ಫ್ಯಾಮಿಲಿ ವಿಸಿಟಿನ ಮೇಲೆ ಕರೆಸಬೇಕಾದರೆ ಕೆಲಸ ಶುರುವಾಗುವುದೇ ಅವರ ಅರ್ಜಿಯಿಂದ. ಹಾಗಾಗಿ ವಾಡಿಯಲ್ಲಿ ಒಂದೇ ಓಣಿಯ ಎರಡು ಮನೆಗಳಲ್ಲಿ ಒಬ್ಬರಿಗೆ ಪತ್ರ ಇಲ್ಲದೆ ನಡೆಯುವುದಿಲ್ಲ, ಇನ್ನೊಬ್ಬರ ಪತ್ರ ನಡೆಯುವುದೇ ಇಲ್ಲ.

ನಮಗಂತೂ ವೀಸಾ ಎಂದರೆ ಹೈದರಾಬಾದು. 1948ರವರೆಗೆ ನಮ್ಮ ಹಿರಿಯರು ನಿಜಾಮರ ಸರ್ಕಾರಕ್ಕೆ ಅರ್ಜಿ ಹಿಡಿದು ಹೋಗುತ್ತಿದ್ದುದು ಅಲ್ಲಿಗೇ, 1874ರಲ್ಲಿ ಹಾಕಿದ ಇದೇ ವಾಡಿ-ಸಿಕಂದರಾಬಾದ್ ಹಳಿಯ ಮೇಲೆಯೇ. 2008ರಲ್ಲಿ ಅಮೆರಿಕದವರು ಕಚೇರಿ ತೆರೆದದ್ದೂ ಬೇಗಂಪೇಟೆಯ ಪೈಗಾ ಅರಮನೆಯಲ್ಲಿ. ಮುತ್ಯಾ ನವಾಬರ ಮುಂದೆ ಕೈಮುಗಿದು ನಿಂತ ಊರಿನಲ್ಲೇ ಮೊಮ್ಮಗನೂ ಫೈಲು ಹಿಡಿದು ನಿಂತ. 2023ರಲ್ಲಿ ಕಚೇರಿ ನಾನಕ್‌ರಾಮ್‌ಗುಡಕ್ಕೆ ಹೋಯಿತು. ಪತ್ರದ ಮೇಲೆ ನಂಬಿಕೆ ಸಾಲದವರು ಚಿಲ್ಕೂರಿನ ವೀಸಾ ಬಾಲಾಜಿಗೆ ಹನ್ನೊಂದು ಸುತ್ತು ಹಾಕಿ ಹರಕೆ ಹೊರುತ್ತಾರೆ, ಕೆಲಸವಾದರೆ ನೂರೆಂಟು. ಬಾಲಾಜಿಯೂ ಯಾರ ಪತ್ರವನ್ನೂ ಕೇಳುವುದಿಲ್ಲ.

ಪರದೇಶದವರೇ ನಮ್ಮ ಕಡೆ ಬರುತ್ತಿದ್ದ ಕಾಲವೂ ಇತ್ತು. ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ. ಇಲ್ಲಿಯ ಅರಸನನ್ನು ಜಗತ್ತಿನ ನಾಲ್ವರು ದೊಡ್ಡ ರಾಜರಲ್ಲಿ ಒಬ್ಬನೆಂದು ಎಣಿಸಿದ ಅರಬ್ ಬರಹ 851ರದು; ಅರಬರನ್ನು ಆದರಿಸುವವನೆಂದೂ ಅದು ಹೊಗಳುತ್ತದೆ. ಆ ಅರಬ್ ವರ್ತಕರು ಹೇಗೆ ಬಂದರು, ಎಷ್ಟು ದಿನ ಇದ್ದರು ಎಂದು ಈಗ ಕಾಕಾ ನನ್ನನ್ನು ಕೇಳುತ್ತಾನೆ. ಯಾರ ಮಗ ಅವರಿಗೆ ಪತ್ರ ಬರೆದಿದ್ದ ಎಂದೂ ಕೇಳುತ್ತಾನೆ.

ಆದರೆ ಆ ಕೆಲಸಕ್ಕೆ ಬಾರದ ಪತ್ರವನ್ನು ಕಾಕಿ ಎಸೆಯಲು ಬಿಡಲಿಲ್ಲ. ನನ್ನಿಂದ ಓದಿಸಿಕೊಂಡಳು. ಅದರಲ್ಲಿ ಅವಳ ಪೂರ್ತಿ ಹೆಸರಿತ್ತು, ಪಾಸ್‌ಪೋರ್ಟ್ ನಂಬರಿತ್ತು, ನಾನೇ ಶಾಲೆಯ ದಾಖಲೆ ನೋಡಿ ಹೇಳಿದ್ದ ಜೂನ್ 1ರ ಹುಟ್ಟಿದ ತಾರೀಖಿತ್ತು. ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಅದೇ ದಿನ. ತಾಯಿಯನ್ನು ನೋಡಿ ವರ್ಷಗಳಾದವು, ಮಗುವನ್ನು ಅವಳ ತೊಡೆಯ ಮೇಲೆ ಮಲಗಿಸಬೇಕು ಎಂದೂ ಒಂದು ಸಾಲಿತ್ತು. ಹಾಸ್ಟೆಲಿಗೆ ಹೋದ ಮೇಲೆ ಮಗ ಅವಳ ಬಗ್ಗೆ ಬರೆದ ಮೊದಲ ಪತ್ರ ಅದು. ಬರೆದಿದ್ದು ಮಾತ್ರ ಕಾನ್ಸಲ್ ಸಾಹೇಬರಿಗೆ.

"ಇದನ್ನ ನನಗೇ ಬರೀಬೇಕಿತ್ತಲ್ಲ ಮಾಸ್ತರ್, ನಿಮ್ ಕಡಿಂದ ಓದಿಸ್ಕೋತಿದ್ದೆ" ಅಂದಳು ಕಾಕಿ.

ಹಾಗಾಗಿ ಡಲ್ಲಾಸ್, ನ್ಯೂಜೆರ್ಸಿಯ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಸಾಹೇಬರಿಗೆ ಪತ್ರ ಬರೆಯುವ ಶ್ರಮ ಬೇಡ, ಅವರು ಓದುವುದಿಲ್ಲ. ಅರ್ಜಿ ಸರಿಯಾಗಿ ತುಂಬಿ. ಅಪ್ಪನಿಗೆ ಹೊಲ, ಮನೆ, ಪೆನ್ಷನ್ನಿನ ಮಾತು ನೆಟ್ಟಗೆ, ಖರೆಯಾಗಿ ಹೇಳಲು ತಿಳಿಸಿ. ಪತ್ರ ಬರೆಯಲೇಬೇಕೆನಿಸಿದರೆ ಕನ್ನಡದಲ್ಲಿ ಬರೆದು ಅವ್ವನ ವಿಳಾಸಕ್ಕೆ ಹಾಕಿ. ವೀಸಾ ಆಗಲಿ ಬಿಡಲಿ, ಅದು ತಲುಪುತ್ತದೆ.