ನಿಲ್ಲೆಂದದ್ದು ಕೇಳಲಿಲ್ಲ

ಶಿರಸಿಯ ಮನೆಯಲ್ಲಿ ತಮ್ಮನ ಕಂಪ್ಯೂಟರಿದೆ. ತೀರಿಕೊಂಡ ಅಮ್ಮನ ಫೋಟೋಗಳೆಲ್ಲ ಅದರಲ್ಲೇ. ನಕಲು ಫೋಟೋಗಳನ್ನು ಅಳಿಸೋಣವೆಂದು ನಾವು ದಿಲ್ಲಿಯಲ್ಲೇ ಕುಳಿತು, ದೂರದ ಯಂತ್ರಕ್ಕೆ ಆಜ್ಞೆ ಮುಟ್ಟಿಸುವ ಎಸ್‌ಎಸ್‌ಎಚ್ ಮೂಲಕ ಒಂದೇ ಸಾಲು ಕಳಿಸಿದೆವು. ಕಳಿಸಿದ ಮೇಲೆ ತಿಳಿಯಿತು, ಕೊಟ್ಟದ್ದು ಅಸಲು ಫೋಲ್ಡರಿನ ಹೆಸರು! ಗಾಬರಿಯಿಂದ ಕಂಟ್ರೋಲ್-ಸಿ ಒತ್ತಿದೆವು. ಪರದೆ ಸುಮ್ಮನಾಯಿತು. ಬದುಕಿದೆವೆಂದುಕೊಂಡು ತಮ್ಮನಿಗೆ ಫೋನು ಮಾಡಿದರೆ, "ಅಣ್ಣಾ, ಡಿಸ್ಕಿನ ದೀಪ ಇನ್ನೂ ಮಿಣುಕುತ್ತಿದೆಯಲ್ಲ!" ಎಂದ.

ಕಂಟ್ರೋಲ್-ಸಿ ಎಂಬುದು ಆಸ್ಕಿ ಪಟ್ಟಿಯ 3ನೆಯ ಸಂಕೇತ, ಅಷ್ಟೆ. ಅದನ್ನು ‘ನಿಲ್ಲು’ ಎಂಬ ಸೂಚನೆಯಾಗಿ ಮಾಡುವುದು ಟರ್ಮಿನಲ್. ಲಾಗಿನ್ ಆಗಿ ಒಳಹೊಕ್ಕು ಕೆಲಸ ಮಾಡಿದರೆ ಆಚೆ ಕಡೆಯೂ ಒಂದು ಟರ್ಮಿನಲ್ ಏರ್ಪಡುತ್ತದೆ. ಒತ್ತಿದ್ದು ಅಲ್ಲಿಗೇ ಮುಟ್ಟುತ್ತದೆ. ನಮ್ಮಂತೆ ಆಜ್ಞೆಯನ್ನು ಎಸ್‌ಎಸ್‌ಎಚ್ ಸಾಲಿನಲ್ಲೇ ಜೋಡಿಸಿ ಕಳಿಸಿದರೆ ಅಲ್ಲಿ ಟರ್ಮಿನಲ್ಲೇ ಇರದು. ಸತ್ತದ್ದು ದಿಲ್ಲಿಯ ಎಸ್‌ಎಸ್‌ಎಚ್ ಮಾತ್ರ. ಶಿರಸಿಯಲ್ಲಿ ಅಳಿಸುವ ಕೆಲಸ ತನ್ನ ಪಾಡಿಗೆ ಸಾಗಿತ್ತು. ‘ಹೈಫನ್ ಟಿ’ ಎಂದು ಸೇರಿಸಿದ್ದರೆ ಈ ಫಜೀತಿ ಇರಲಿಲ್ಲ.

ಮತ್ತೆ ಲಾಗಿನ್ ಆಗಿ ಅದನ್ನು ಹುಡುಕಿ ಕೊಲ್ಲುವಷ್ಟು ತಾಳ್ಮೆ ಯಾರಿಗಿತ್ತು? "ಪ್ಲಗ್ಗು ಕೀಳೋ!" ಎಂದೆವು. ಕಿತ್ತ.

ಮದುವೆಮನೆಯ ಫೋಟೋಗಳು ಉಳಿದವು. ಅಮ್ಮ ಬಾವಿಕಟ್ಟೆಯ ಮೇಲೆ ಕುಳಿತದ್ದು ಮಾತ್ರ ಸಿಗಲಿಲ್ಲ.